ಹೊಂಡಕ್ಕೊಂದು ದಾರಿ

ನೀರಿಗೆ ಅಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಆದರೆ ನೀರು ನೋಡುವುದೇ ಅವರ ನೌಕರಿಯಾಗಿತ್ತು. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ ಹೊಂಡಗಳಲ್ಲಿ ನೀರು ಹೇಗಿದೆ, ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ, ಕುಡಿಯಲು ಯಾವ ಪ್ರಾಣಿ ಪಕ್ಷಿ ಬರುತ್ತವೆ ಎಂದು ನೋಡಿ ವರದಿ ಕೊಡುವ ಸಣ್ಣ ಗುತ್ತಿಗೆ ಕಚೇರಿಯೊಂದು ಶಿರಸಿಯಲ್ಲಿದೆ. ಅಲ್ಲಿ ಅವರು ಹಿರಿಯರು, ನಾನು ಅವರ ಕೈಕೆಳಗೆ ಸೇರಿದವಳು. ಹೊಂಡದ ಅಂಚಿಗೆ ಹೋಗುವ ಮುಂಚೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ಇನ್ನೊಂದು ತುದಿಯನ್ನು ಮತ್ತಿ ಮರಕ್ಕೆ ಕಟ್ಟಿ, ಗಂಟು ಗಟ್ಟಿಯಿದೆಯೇ ಎಂದು ನನ್ನಿಂದ ಜಗ್ಗಿಸಿ ನೋಡಿ, ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು.

"ನಗಡ ತಂಗಿ," ಎನ್ನುತ್ತಿದ್ದರು. "ಈಜು ಬತ್ತಿಲ್ಲೆ ಯಂಗೆ. ಮುಳುಗಲೆ ಮಾತ್ರ ಬತ್ತು."

ಈಚೆಗೆ ಅವರು ತೀರಿಕೊಂಡರು. ಹಾಸಿಗೆಯ ಮೇಲೆ, ಒಣಗಿದ ನೆಲದ ಮೇಲೆ, ಅವರ ಇಷ್ಟದಂತೆಯೇ. ಹೆಸರು ಬರೆಯುವುದಿಲ್ಲ. ಪತ್ರಿಕೆಯಲ್ಲಿ ಸಾಮಾನ್ಯ ಮನುಷ್ಯನ ಹೆಸರು ಬರುವುದು ಮದುವೆಯಾದಾಗ ಮತ್ತು ಸತ್ತಾಗ, ಎರಡೂ ಸಲ ತಪ್ಪಾಗಿಯೇ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ಮೂರನೆಯ ಸಲ ತಪ್ಪು ಮಾಡುವ ಆಸೆ ನನಗಿಲ್ಲ.

ಅವರದು ಸಿದ್ದಾಪುರದ ಕಡೆ ಊರು. ನಾನು ಬನವಾಸಿ ಕಡೆಯವಳು. ನನ್ನ ಮಾತು ಕೇಳಿದರೆ ಅವರಿಗೆ ನಗು. "ನಿಮ್ಮ ಬದಿಯವ್ವು ಎಮ್ಮೆಗೂ ಬರ್ರಿ ಹೇಳ್ತ," ಎಂದು ಛೇಡಿಸುತ್ತಿದ್ದರು. ನನ್ನ ಜೊತೆ ಮಾತಾಡುವಾಗ ಪುಸ್ತಕದ ಕನ್ನಡವನ್ನೇ ಆಡಲು ಹೋಗಿ, ಸಿಟ್ಟು ಬಂದ ಕೂಡಲೇ ಮನೆಯ ಮಾತಿಗೆ ಇಳಿಯುತ್ತಿದ್ದರು. ಸಿಟ್ಟು ಬೇಗ ಬರುತ್ತಿದ್ದುದರಿಂದ ನಾನು ಅವರ ಮನೆಮಾತನ್ನು ಬೇಗ ಕಲಿತೆ. ಬಸ್ಸಿನ ಕಂಡಕ್ಟರ್ ಮೇಲೆ ಸಿಟ್ಟು, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಸಿಟ್ಟು, ಕಡಿಮೆಯಾದರೆ ಇನ್ನೂ ಸಿಟ್ಟು. ಯಲ್ಲಾಪುರದ ದಾರಿಯ ಪ್ರತಿ ಗುಂಡಿಗೂ ಬೇರೆಬೇರೆ ಬೈಗುಳ ಇಟ್ಟಿದ್ದರು.

ಪಕ್ಷಿಗಳ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ನೀರಿನ ಮೇಲಿದ್ದದ್ದೆಲ್ಲ ನೀರುಕೋಳಿ. ಕಪ್ಪಗಿದ್ದರೆ ಕರೀ ನೀರುಕೋಳಿ, ಬೆಳ್ಳಗಿದ್ದರೆ ಬಿಳೀ ನೀರುಕೋಳಿ. ಒಂದು ಮಿಂಚುಳ್ಳಿಯನ್ನು ಬಣ್ಣದ ನೀರುಕೋಳಿ ಎಂದು ವರದಿಗೆ ಹಾಕಿದ್ದನ್ನು ನಾನೇ ತಿದ್ದಿದ್ದೇನೆ. "ಹೆಸರು ನೀ ಬರಿ, ಬಂದದ್ದು ವಾಪಸು ಹೋತಾ ಇಲ್ಯಾ ಅಷ್ಟು ಆನು ನೋಡ್ತೆ," ಎಂದರು. ಆಗ ಅದು ಸೋಮಾರಿತನದ ಮಾತು ಎಂದುಕೊಂಡಿದ್ದೆ.

ನಾವು ನೋಡುತ್ತಿದ್ದ ಹೊಂಡಗಳಲ್ಲಿ ಇಡಗುಂದಿಯ ಆಚೆಗಿನದು ಕೆಟ್ಟದ್ದು. ನೀರು ಕೆಟ್ಟದ್ದಲ್ಲ, ತಿಳಿಯಾದ ಹಸಿರು ನೀರು, ಬೇಸಿಗೆಯಲ್ಲೂ ಬತ್ತದ್ದು. ಆದರೆ ಮೂರು ಬದಿ ಗೋಡೆ ಕೊಯ್ದ ಹಾಗೆ ಕಲ್ಲು, ನಾಲ್ಕನೆಯ ಬದಿ ಕಡಿದು ನಿಲ್ಲಿಸಿದ ಮಣ್ಣಿನ ದರೆ. ಕಾಡಿನ ಹಳ್ಳಗಳು ಒಣಗಿದ ಮೇಲೆ ಪ್ರಾಣಿಗಳು ನೀರಿನ ವಾಸನೆ ಹಿಡಿದು ಅಲ್ಲಿಗೆ ಬರುತ್ತಿದ್ದವು. ಬಗ್ಗುತ್ತಿದ್ದವು, ಜಾರುತ್ತಿದ್ದವು.

ಒಂದು ಮಧ್ಯಾಹ್ನ ನಾವು ಹೋದಾಗ ಕಡವೆಯ ಮರಿಯೊಂದು ನೀರಿನಲ್ಲಿತ್ತು. ಯಾವಾಗ ಬಿದ್ದಿತ್ತೋ ಏನೋ. ಗೋಡೆಯ ಪಕ್ಕದಲ್ಲೇ ಈಜುತ್ತ ಸುತ್ತು ಹಾಕುತ್ತಿತ್ತು. ಮುಂಗಾಲನ್ನು ಕಲ್ಲಿಗೆ ಇಡುವುದು, ಜಾರುವುದು, ಮತ್ತೆ ಈಜುವುದು. ನಾನು ಅರಣ್ಯದವರಿಗೆ ಫೋನು ಹಚ್ಚಿದೆ. ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾಯಿತು. ವಾಪಸು ಬಂದಾಗ ಅವರು ಸೊಂಟದ ಹಗ್ಗ ಬಿಚ್ಚಿ ಅದರ ತುದಿಗೆ ಕುಣಿಕೆ ಮಾಡಿ ನೀರಿಗೆ ಬಿಡುತ್ತಿದ್ದರು. ಅಂಚಿನಲ್ಲಿ ಬೋರಲು ಮಲಗಿದ್ದರು, ಹಗ್ಗವಿಲ್ಲದೆ. ಮನೆಯ ಕರುವನ್ನು ಕರೆಯುವ ಹಾಗೆ ಕರೆಯುತ್ತಿದ್ದರು: "ಬಾ, ಬಾರೆ ಪುಟ್ಟಿ, ಈ ಬದಿಗೆ ಬಾ." ಅದು ಮನುಷ್ಯರ ದನಿಗೆ ಇನ್ನಷ್ಟು ಬೆದರಿ ಆಚೆ ಗೋಡೆಗೆ ಹೋಯಿತು. ಬಲೆ ಹಿಡಿದ ಜನ ಬರುವ ಹೊತ್ತಿಗೆ ನೀರಿನ ಮೇಲೆ ಏನೂ ಇರಲಿಲ್ಲ.

ಜೀಪಿನಲ್ಲಿ ವಾಪಸು ಹೊರಟೆವು. ಮಂಚಿಕೇರಿ ದಾಟಿದ ಮೇಲೆ ಹೇಳಿದರು: "ಇಳಿಯಲೆ ದಾರಿ ಬೇಡ ತಂಗಿ, ಬಿದ್ರೆ ಆತು. ಹತ್ತಲೆ ದಾರಿ ಬೇಕು. ಮಣ್ಣಿನ ಬದಿ ಒಂದು ಇಳಿಜಾರು ತೆಗೆದ್ರೆ ಸಾಕು. ಅಷ್ಟೇಯ."

ಅಷ್ಟೇ. ಅಲ್ಲಿಂದ ಶುರುವಾಯಿತು ಅವರ ಅಲೆದಾಟ. ಒಂದು ಕಚೇರಿಯವರು ಜಾಗ ನಮ್ಮದಲ್ಲ ಎಂದರು. ಇನ್ನೊಂದರವರು ಜಾಗ ನಮ್ಮದು, ಹೊಂಡ ನಮ್ಮದಲ್ಲ ಎಂದರು. ಹೊಂಡ ಯಾರದೋ ಅವರು ಕ್ವಾರಿ ಮುಗಿದಿದೆ, ಕಡತವೂ ಮುಗಿದಿದೆ ಎಂದರು. ಪ್ರಾಣಿಗಳ ಮಾತಾದರೆ ಪ್ರಾಣಿಗಳವರನ್ನು ಕೇಳಿ ಎಂದರು. ಪ್ರಾಣಿಗಳವರು ಹೊಂಡದವರ ಒಪ್ಪಿಗೆ ತನ್ನಿ ಎಂದರು. ಇವರು ಬಿಡುವವರಲ್ಲ. ಚಪ್ಪಲಿ ಸವೆಸಿದರು, ಮಂಡಿ ಸವೆಸಿದರು. ಪ್ರತಿ ವರ್ಷ ಬೇಸಿಗೆ ಬಂದ ಹಾಗೆ ಅವರ ಮುಖ ಕೆಡುತ್ತಿತ್ತು. ನಮ್ಮ ವರದಿಯಲ್ಲಿ 'ಸತ್ತದ್ದು' ಎಂಬ ಸಾಲು ತುಂಬುವಾಗ ಪೆನ್ನು ನನ್ನ ಕಡೆ ದೂಡುತ್ತಿದ್ದರು.

ಒಮ್ಮೆ ಚಂದಗುಳಿಯ ಕ್ರಾಸಿನಲ್ಲಿ ಬಸ್ಸು ಕಾಯುತ್ತ ನಿಂತಿದ್ದೆವು. ಘಂಟೆ ಗಣಪನಿಗೆ ಹರಕೆ ತೀರಿಸಲು ಹೊರಟವರ ಕೈಯಲ್ಲಿ ಹಿತ್ತಾಳೆ ಘಂಟೆಗಳಿದ್ದವು. ನಾನು, "ಸರ್, ನೀವೂ ಒಂದ್ ಘಂಟಿ ಹರಕಿ ಹೊತ್ಕೊಂಡ್ ಬಿಡ್ರಿ. ಕೆಲಸ ಆದೀತು," ಎಂದೆ.

"ಬ್ಯಾಡ," ಎಂದರು. "ಗಣಪತಿ ಅರ್ಜಿ ತಗಳ್ತ, ಸರಿ. ಆಮೇಲೆ ಅಂವ ಎಂತ ಮಾಡ್ತ? ಅದನ್ನ ಮತ್ತೆ ಈ ಆಫೀಸಿನವ್ವಕ್ಕೇ ಕಳಿಸವು."

ಅದೇ ಹೊತ್ತಿಗೆ ಹೆದ್ದಾರಿಯ ಕೆಲಸ ಬಂತು. ಸೇತುವೆಗಳಿಗೆ ಕಾಂಕ್ರೀಟು ಹಾಕಬೇಕು, ನೀರು ಬೇಕು. ರಸ್ತೆಯ ಗುತ್ತಿಗೆದಾರರ ಕಣ್ಣು ನಮ್ಮ ಹೊಂಡದ ಮೇಲೆ ಬಿತ್ತು. ನಾವು ಮುಂದಿನ ಸಲ ಹೋಗುವಾಗ ಮಣ್ಣಿನ ದರೆ ಇದ್ದಲ್ಲಿ ಅಗಲವಾದ ಇಳಿಜಾರು ಇತ್ತು. ಟ್ಯಾಂಕರ್ ಇಳಿಯಲಿ ಎಂದು ಜೆಸಿಬಿ ತಂದು ಒಂದು ದಿನದಲ್ಲಿ ತೆಗೆದು ಮುಗಿಸಿದ್ದರು. ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಅದೂ ಆಗುತ್ತಿರಲಿಲ್ಲ.

ಅವರು ಮೇಲೆಯೇ ನಿಂತು ಅದನ್ನು ನೋಡಿದರು. ನಗಬೇಕೋ ಬೈಯಬೇಕೋ ಗೊತ್ತಾಗದ ಮುಖ. ಇಳಿಜಾರಿನ ಹಸಿ ಮಣ್ಣಿನಲ್ಲಿ ಟ್ಯಾಂಕರಿನ ಗಾಲಿ ಗುರುತು, ಅದರ ಪಕ್ಕದಲ್ಲಿ ಕಡವೆಯ ಗೊರಸು. ಕೆಳಗೆ ಹೋದದ್ದು, ಮೇಲೆ ಬಂದದ್ದು. ಎರಡು ಹೆಜ್ಜೆ ಇಳಿದು ಗೊರಸಿನ ಗುರುತನ್ನು ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು ಬಂದಿತ್ತು, ನಾನು ಕಂಡೆ.

ಖುಷಿ ಬಹಳ ದಿನ ಇರಲಿಲ್ಲ. ಟ್ಯಾಂಕರುಗಳು ಹಗಲಿಡೀ ನೀರೆತ್ತುತ್ತಿದ್ದವು. ಎಂದೂ ಬತ್ತದ ಹೊಂಡ ಶಿವರಾತ್ರಿ ಕಳೆಯುವಾಗ ಅರ್ಧಕ್ಕೆ ಬಂತು. "ನೀರಿತ್ತು, ದಾರಿ ಇತ್ತಿಲ್ಲೆ. ಈಗ ದಾರಿ ಆತು, ನೀರು ಹೋತು," ಎಂದರು. ಆ ವರ್ಷ ಅವರು ಬಹಳ ದಣಿದಿದ್ದರು. ಸಿಟ್ಟು ಸಹ ಕಡಿಮೆಯಾಗಿತ್ತು, ಅದೇ ನನಗೆ ಹೆದರಿಕೆ.

ಇನ್ನು ಅಪ್ಪೆಹುಳಿಯ ಕಥೆ ಹೇಳಬೇಕು.

ಘಟ್ಟದ ಮೇಲಿನವರಿಗೆ ಅಪ್ಪೆಹುಳಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ನೀರಾಗಿ ಮಾಡಿ, ಉಪ್ಪು ಇಂಗು ಹಾಕಿ ಊಟದ ಜೊತೆ ಕುಡಿಯುವುದು. ಕುಡಿದವರಿಗೆ ಮಧ್ಯಾಹ್ನದ ನಿದ್ದೆ ಖಾತ್ರಿ. ಡಾಕ್ಟರು ಎಣ್ಣೆ ಬಿಡಲು ಹೇಳಿದ್ದರಿಂದ ಅವರ ಹೆಂಡತಿ ಒಗ್ಗರಣೆ ಹಾಕದೆ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಾಟಲಿಗೆ ತುಂಬಿ ಕೊಡುತ್ತಿದ್ದರು. ಆ ಬಾಟಲಿ ನಮ್ಮ ಕಚೇರಿಯದೇ, ನೀರಿನ ಮಾದರಿ ತುಂಬುವ ಬಿಳೀ ಬಾಟಲಿ. ಹಳೆಯದನ್ನು ತೊಳೆದು ಮನೆಗೆ ಒಯ್ದಿದ್ದರು. ತಂಪಾಗಿರಲಿ ಎಂದು ಮಾದರಿಗಳ ಜೊತೆಗೇ ಐಸಿನ ಡಬ್ಬಿಯಲ್ಲಿ ಇಡುತ್ತಿದ್ದರು. "ಒಂದಿನಾ ಎಡವಟ್ಟಾಗ್ತದ ನೋಡ್ರಿ ಸರ್," ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

ಆ ಸಲದ ಮಾದರಿ ನಮಗಷ್ಟೇ ಅಲ್ಲ, ರಸ್ತೆಯವರಿಗೂ ಬೇಕಿತ್ತು. ಹೊಂಡದ ನೀರು ಕಾಂಕ್ರೀಟಿಗೆ ಆಗುತ್ತದೋ ಇಲ್ಲವೋ ಎಂಬ ಕಾಗದ ಅವರ ಇಂಜಿನಿಯರಿಗೆ ಬೇಕು. ವರದಿಯ ಒಂದು ಪ್ರತಿ ಅವರಿಗೆ, ಒಂದು ನಮಗೆ. ಹುಬ್ಬಳ್ಳಿಯ ಪ್ರಯೋಗಾಲಯದಿಂದ ಅದು ಬಂದಾಗ ನಾನು ಎರಡು ಸಲ ಓದಿದೆ. ನೀರು ವಿಪರೀತ ಹುಳಿ. ಉಪ್ಪಿನ ಅಂಶ ಮಿತಿಮೀರಿದೆ. ವಾಸನೆ: ಆಕ್ಷೇಪಾರ್ಹ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಮನೆಗೆ ಫೋನು ಮಾಡಿದರು.

"ಹೋದ ವಾರ ಯನ್ನ ಬಾಟ್ಲಿ ತೊಳಿಯಕ್ಕಿದ್ರೆ ಒಳಗೆ ಎಂತ ಇತ್ತೇ?"

ಆಚೆಯಿಂದ ಹೆಂಡತಿಯ ದನಿ ನನಗೂ ಕೇಳಿಸಿತು. "ಎಂತದೂ ಇತ್ತಿಲ್ಲೆ. ಬರೀ ನೀರು. ನೀವು ಕುಡ್ದು ನೀರು ತುಂಬ್ಕ್ಯಂಡು ಬೈಂದಿ ಹೇಳಿ ತಿಳ್ಕಂಡಿದ್ದೆ."

ಮಾದರಿ ತೆಗೆದ ದಿನ ಹಾದಿಯಲ್ಲಿ ಯಾರೋ ಮಜ್ಜಿಗೆ ಕೊಟ್ಟಿದ್ದರಿಂದ ಅವರು ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಹೊಂಡದ ನೀರು ಸಿದ್ದಾಪುರಕ್ಕೆ ಹೋಗಿತ್ತು, ಅಪ್ಪೆಹುಳಿ ಹುಬ್ಬಳ್ಳಿಗೆ ಹೋಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಬೇರೆಯೇ ಚಿಂತೆ. "ಆಕ್ಷೇಪಾರ್ಹ ಅಡ ತಂಗಿ! ಇಷ್ಟು ವರ್ಷ ಉಂಡಿದ್ದೆ, ಒಂದು ದಿನ ಆನು ಆಕ್ಷೇಪ ತೆಗದ್ನಿಲ್ಲೆ. ಇದು ಮನೇಲಿ ಗೊತ್ತಾಪ್ಲಾಗ."

ನಾವು ನಗುತ್ತಿರುವಾಗಲೇ ಇಂಜಿನಿಯರ್ ಫೋನು ಮಾಡಿದ. ಹಾವೇರಿ ಕಡೆಯ ಹುಡುಗ. "ಮೇಡಮ್, ನಿಮ್ಮ ಹೊಂಡದ ಸಹವಾಸ ಬ್ಯಾಡ್ರೀ. ಇಂಥಾ ಹುಳಿ ನೀರಾಗ ಕಾಂಕ್ರೀಟ್ ಹಾಕಿದ್ರ ಕಂಬಿ ತುಕ್ಕು ಹಿಡದು ಹೋಗ್ತಾವು. ನಾಳಿಂದ ಟ್ಯಾಂಕರ್ ಕಳ್ಸಂಗಿಲ್ಲ," ಎಂದ.

ಫೋನು ಇಟ್ಟ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ದಾರಿ ಉಳಿಯಿತು, ನೀರೂ ಉಳಿಯಿತು. ಅಷ್ಟು ವರ್ಷ ಕಚೇರಿ ಕಚೇರಿ ಸುತ್ತಿ ಆಗದ್ದು ಒಂದು ಬಾಟಲಿ ಅಪ್ಪೆಹುಳಿಯಿಂದ ಆಗಿತ್ತು. ತಪ್ಪಾಗಿದೆ, ಹೊಸ ಮಾದರಿ ಕಳಿಸುತ್ತೇವೆ ಎಂದು ಬರೆಯುವುದು ನಿಯಮ. ಅವರು ಬರೆಯಲಿಲ್ಲ. "ಮಳೆ ಬೀಳಲಿ, ಆಮೇಲೆ ನೋಡನ," ಎಂದರು. ಅವರ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಒಳಗೊಳಗೇ ಸಂತೋಷವಾಯಿತು.

ಕೆಲವೇ ದಿನಗಳಲ್ಲಿ ಹೊಂಡದ ಹತ್ತಿರ ನಮ್ಮನ್ನು ಒಬ್ಬ ಹೆಂಗಸು ಅಡ್ಡಹಾಕಿದಳು. ಗುಡ್ಡದ ಕೆಳಗಿನ ಕೇರಿಯವಳು, ತಲೆಯ ಮೇಲೆ ಖಾಲಿ ಕೊಡ.

"ಒಡೇರೆ, ಈ ಹೊಂಡದ್ ನೀರಿಗೆ ಎಂತ ಆಗಿದ್ಯೆ? ಟ್ಯಾಂಕರ್‌ನವ್ರು ಇಲ್ಲಿ ಬಿಟ್ಟು ನಮ್ ಹಳ್ಳಕ್ಕೆ ಪೈಪ್ ಹಾಕೀರು. ಗುಂಡಿಲಿ ಇದ್ದಷ್ಟು ನೀರೂ ಎಳೀತ್ರು. ನಾವ್ ಎಂತ ಕುಡಿಯೂದು?"

ಅವರು ಅವಳ ಖಾಲಿ ಕೊಡವನ್ನೇ ನೋಡಿದರು. ಅವಳು ಹೋದ ಮೇಲೂ ಅಲ್ಲೇ ನಿಂತಿದ್ದರು. ನಾನು ಮಾದರಿ ತುಂಬಿ ಬಂದೆ. "ಹೋಪನ," ಎಂದರು. ಸೊಂಟದ ಹಗ್ಗ ಬಿಚ್ಚುವುದನ್ನು ಮರೆತು ಜೀಪಿನ ಕಡೆ ನಡೆದು, ಹಗ್ಗ ಜಗ್ಗಿದಾಗ ಬೀಳುವಂತಾದರು. ಆಗ ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕೂತು ಎಲ್ಲವನ್ನೂ ಬರೆದರು. ಮಾದರಿಯೆಂದು ಹೋದದ್ದು ತನ್ನ ಊಟದ ಪದಾರ್ಥ. ಹೊಂಡದ ನೀರು ಚೆನ್ನಾಗಿದೆ. ರಸ್ತೆಯವರು ಮಣ್ಣಿನ ಬದಿಗೆ ತೆಗೆದ ಇಳಿಜಾರಿನ ಮೂಲಕ ಈ ಹಿಂದೆ ನೀರೆತ್ತುತ್ತಿದ್ದರು, ಈಗ ಹಳ್ಳದಿಂದ ಎತ್ತುತ್ತಿದ್ದಾರೆ, ಅದು ಜನರು ಕುಡಿಯುವ ನೀರು, ಕೂಡಲೇ ನಿಲ್ಲಿಸಬೇಕು.

ನಾನು ಓದಿ ಕೈಮುಗಿದೆ. "ಸರ್, ಉಳಿದದ್ದು ಇರ್ಲಿ. ಇಳಿಜಾರಿಂದೊಂದು ಬಿಡ್ರಿ. ಅದನ್ನ ಓದಿದ್ರ ಮುಚ್ಚು ಅಂತಾರ. ಅಷ್ಟ್ ವರ್ಷ ಅದಕ್ಕ ಅಲ್ದೀರಿ ನೀವು."

"ಟ್ಯಾಂಕರ್ ಹ್ಯಾಂಗೆ ಇಳತ್ತು ಕೇಳಿದ್ರೆ ಎಂತ ಹೇಳ್ತೆ ನೀನು? ಹಾರಿ ಹೋತು ಹೇಳ್ತ್ಯ?" ಎಂದರು. ಕಾಗದವನ್ನು ಲಕೋಟೆಗೆ ಹಾಕುತ್ತ, "ಸುಮ್ಮಂಗಿದ್ದಿದ್ದಕ್ಕೇ ಆ ಹೆಂಗಸಿನ ಕೊಡ ಖಾಲಿ ಆತು. ಇನ್ನು ಯನ್ನ ಕೈಲಿ ಆಗ್ತಿಲ್ಲೆ ತಂಗಿ," ಎಂದರು.

ಕಾಗದ ಹೋಯಿತು. ಹಳ್ಳದಿಂದ ಪೈಪು ಎದ್ದಿತು. ಟ್ಯಾಂಕರುಗಳು ಮತ್ತೆ ಹೊಂಡಕ್ಕೇ ಬಂದವು. ಆ ವರ್ಷ ಹೊಂಡದ ತಳದಲ್ಲಿ ರಾಡಿ ನೀರು ಉಳಿಯುವ ಹೊತ್ತಿಗೆ ಪುಣ್ಯಕ್ಕೆ ಮಳೆ ಬೇಗ ಬಿತ್ತು. ಮಳೆಗಾಲ ಮುಗಿಯುವಾಗ ಸೇತುವೆ ಮುಗಿದಿತ್ತು, ರಸ್ತೆಯವರು ಗಂಟುಮೂಟೆ ಕಟ್ಟಿದ್ದರು, ಹೊಂಡ ತುಂಬಿ ನಿಂತಿತ್ತು. ಆದರೆ ಆ ಒಂದು ಕಾಗದ ಎಲ್ಲ ಕಚೇರಿಗಳನ್ನೂ ಎಬ್ಬಿಸಿಬಿಟ್ಟಿತ್ತು. ಒಂದು ಇಳಿಜಾರು ಕೇಳಿದಾಗ ಹೊಂಡ ಯಾರದೂ ಅಲ್ಲ. ಅದನ್ನು ಯಾರೋ ತೆಗೆದಿದ್ದಾರೆ ಎಂದಾಗ ಎಲ್ಲರದೂ ಆಯಿತು. ಅನುಮತಿಯಿಲ್ಲದೆ ತೆಗೆದ ಇಳಿಜಾರನ್ನು ಮುಚ್ಚಿ ಹೊಂಡವನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ಆದೇಶ ಬಂತು. ಮಾದರಿಯ ವಿಷಯದಲ್ಲಿ ಅಜಾಗರೂಕತೆ ತೋರಿದ್ದಕ್ಕೆ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಬೀಳ್ಕೊಡುಗೆ ಇರಲಿಲ್ಲ. ಹಗ್ಗವನ್ನು ಸುತ್ತಿ ನನ್ನ ಮೇಜಿನ ಮೇಲಿಟ್ಟು, "ಗಂಟು ಜಗ್ಗಿ ನೋಡಲೆ ಯಾರಾದ್ರೂ ಇದ್ರೆ ಮಾತ್ರ ಅಂಚಿಗೆ ಹೋಗು," ಎಂದು ಹೇಳಿ ಸಿದ್ದಾಪುರದ ಬಸ್ಸು ಹತ್ತಿದರು.

ಆಮೇಲೆ ಅವರು ನನಗೆ ಫೋನು ಮಾಡುತ್ತಿದ್ದದ್ದು ಒಂದೇ ಪ್ರಶ್ನೆಗೆ.

"ಮುಚ್ಚಿ ಆತಾ ತಂಗಿ?"

"ಇಲ್ರೀ ಸರ್. ಜೆಸಿಬಿ ಅಂಕೋಲಾಕ್ಕ ಹೋಗೇದಂತ."

ಇನ್ನೊಂದು ಸಲ ಕೇಳಿದಾಗ, ತುಂಬುವ ಮಣ್ಣು ಎಲ್ಲಿಂದ ತರುವುದು ಎಂದು ಒಂದು ಕಚೇರಿ ಇನ್ನೊಂದಕ್ಕೆ ಬರೆದಿತ್ತು. ಮತ್ತೊಂದು ಸಲ, ಮುಚ್ಚುವ ಖರ್ಚು ಯಾರು ಹಾಕಬೇಕು ಎಂಬ ತಕರಾರು. ಅನುಮತಿ ಕೊಡಲು ಆಗದೇ ಇದ್ದ ಅದೇ ಜನ, ಅದೇ ಮೇಜುಗಳು, ಅದೇ ಆಕಳಿಕೆ. ನಾನು ಒಂದೊಂದನ್ನೇ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಕಾಯಿಲೆ ಹೆಚ್ಚಾದ ಮೇಲೆ ದನಿ ಇಳಿದುಹೋಗಿತ್ತು. ಆದರೂ ನಕ್ಕರು.

"ಈ ಆಫೀಸಿನವ್ವು ಇಷ್ಟು ಒಳ್ಳೆಯವ್ವು ಹೇಳಿ ಯಂಗೆ ಗೊತ್ತೇ ಇತ್ತಿಲ್ಲೆ," ಎಂದರು.

ಕೊನೆಯ ಸಲ ಅವರ ಹೆಂಡತಿ ಫೋನು ಹಿಡಿದುಕೊಂಡಿದ್ದರು. ಅವರು ಕೇಳಿದ್ದು ಸರಿಯಾಗಿ ಕೇಳಿಸಲಿಲ್ಲ, ಆದರೆ ಬೇರೇನು ಕೇಳುತ್ತಾರೆ? "ಇಲ್ರೀ ಸರ್, ಹಂಗ ಐತಿ," ಎಂದೆ. ಆಚೆ ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಇಟ್ಟು ನಾನು ಅತ್ತೆ. ನೌಕರಿಯಲ್ಲಿ ಯಾರಿಗಾಗಿಯೂ ಅತ್ತವಳಲ್ಲ ನಾನು.

ಅವರು ಹೋದ ಮೇಲೆ ಹೊಂಡಗಳ ಕೆಲಸವೆಲ್ಲ ನನ್ನ ಹೆಸರಿಗೆ ಬಂದಿದೆ. ಯಾರ ಮೇಲೆ ಸಿಟ್ಟು ಮಾಡಲೂ ಈಗ ತ್ರಾಣವಿಲ್ಲ. ಮೊನ್ನೆ ಇಡಗುಂದಿಯ ಹೊಂಡಕ್ಕೆ ಹೋಗಿದ್ದೆ. ಇಳಿಜಾರಿನ ಮೇಲೆ ಹುಲ್ಲು ಬಂದಿದೆ, ನಡುವೆ ಪ್ರಾಣಿಗಳು ನಡೆದು ನಡೆದು ಸಣ್ಣ ಕಾಲುದಾರಿಯಾಗಿದೆ. ಈ ಬೇಸಿಗೆಯಲ್ಲಿ ಒಂದೂ ಸತ್ತಿಲ್ಲ. ವಾಪಸು ಬಂದು ನೋಡಿದರೆ ಮೇಜಿನ ಮೇಲೆ ಕಾಗದ ಕಾದಿತ್ತು. ಸದರಿ ಇಳಿಜಾರನ್ನು ಮುಚ್ಚಲಾಗಿದೆಯೇ? ಹಿಂದಿನ ಆದೇಶದ ಬಗ್ಗೆ ಕೈಗೊಂಡ ಕ್ರಮವನ್ನು ಕೂಡಲೇ ತಿಳಿಸುವುದು. ಇಲ್ಲ ಎಂದು ಬರೆದರೆ ಜೆಸಿಬಿ ಬರುತ್ತದೆ. ಹೌದು ಎಂದು ಬರೆದರೆ ನೋಡಲು ಜನ ಬರುತ್ತಾರೆ.

ಅವರಾಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದರು. ನಾನು ಅವರಲ್ಲ. ಪೆನ್ನು ತೆಗೆದುಕೊಂಡು, "ಕಾಮಗಾರಿ ಪ್ರಗತಿಯಲ್ಲಿದೆ" ಎಂದು ಬರೆದು ಸಹಿ ಹಾಕಿದೆ. ನಾನು ಈ ಮೇಜಿನ ಹಿಂದೆ ಕೂತಿರುವವರೆಗೆ ಅದು ಪ್ರಗತಿಯಲ್ಲೇ ಇರುತ್ತದೆ.